ದರ್ಗಾ ಮುಟ್ಟದ ಚಾದರ

ಶಮೀಮಕ್ಕ, ನೀವು ಕೊಟ್ಟ ಚಾದರವನ್ನು ನಾನು ದಿಲ್ಲಿಯ ದರ್ಗಾಕ್ಕೆ ಒಪ್ಪಿಸಲೇ ಇಲ್ಲ. ಒಪ್ಪಿಸಿದೆ ಎಂದು ನಿಮ್ಮ ಮುಖ ನೋಡಿಕೊಂಡೇ ಹೇಳಿದ್ದು ಶುದ್ಧ ಸುಳ್ಳು.

ಹುಣಸೂರಿನಿಂದ ನಮ್ಮ ಮಹಿಳಾ ಸಂಘದವರು ಪ್ರವಾಸ ಹೊರಟಾಗ, ಪಕ್ಕದ ಮನೆಯ ನೀವು ಹಸಿರು ಬಟ್ಟೆಗೆ ಕೈಯಾರೆ ಜರಿ ಹೊಲಿದು ತಂದಿದ್ದಿರಿ. ನಿಮ್ಮ ಯಜಮಾನರು — ಊರಿಗೆಲ್ಲ ಮಂಚ, ಬಾಗಿಲು ಮಾಡಿಕೊಟ್ಟವರು — ಲಕ್ವ ಹೊಡೆದು ಮಲಗಿದ್ದರು. "ನಿಜಾಮುದ್ದೀನ್ ದರ್ಗಾದೋರ ಕೈಗೆ ಕೊಟ್ಟು ಗೋರಿಗೆ ಹೊದಿಸ್ಬುಡು ಗೌರಿ. ಇವ್ರು ಎದ್ದು ನಾಕೆಜ್ಜೆ ನಡೀಲಿ ಅಂತ ಕೇಳ್ಕೊ ಕಣೇ," ಅಂದಿರಿ.

ಅಯ್ಯೋ, ಆ ದಿಲ್ಲಿ! ಕೆಂಪುಕೋಟೆಯ ಗೋಡೆಯನ್ನು ಮುಟ್ಟಿ ಮುಟ್ಟಿ ನೋಡಿದೆ. ಕುತುಬ್ ಮಿನಾರಿನ ತುದಿ ನೋಡಲು ಹೋಗಿ ಸೆರಗು ಜಾರಿದ್ದೂ ತಿಳಿಯಲಿಲ್ಲ. ಅದನ್ನು ಒಬ್ಬ ಸುಲ್ತಾನ ಶುರು ಮಾಡಿದ, ಇನ್ನೊಬ್ಬ ಬಂದು ಮುಂದುವರಿಸಿದ. ಒಂದು ದಿಲ್ಲಿ ಹಾಳಾದ ಪಕ್ಕದಲ್ಲೇ ಇನ್ನೊಂದು ದಿಲ್ಲಿ ಎದ್ದಿತು ಎಂದು ಗೈಡು ಹೇಳುತ್ತಿದ್ದ.

ಕೊನೆಯ ಸಂಜೆ ದರ್ಗಾದ ಹತ್ತಿರ ಬಸ್ಸು ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟರು. ರಸ್ತೆಯಾಚೆ ಹುಮಾಯೂನ್ ಬಾದಶಹನ ಗೋರಿ. ಒಂದು ಸಲ ಇಣುಕಿ ಬರೋಣ ಎಂದು ಹೋದೆ. ಆ ಕೆಂಪು ಕಲ್ಲು, ಮೇಲೆ ಹಾಲುಬಣ್ಣದ ಗುಮ್ಮಟ, ಇಳಿಬಿಸಿಲು — ಸತ್ತವನೊಬ್ಬನಿಗೆ ಇಷ್ಟು ದೊಡ್ಡ ಮನೆಯೇ ಎಂದು ಹುಲ್ಲಿನ ಮೇಲೆ ಕೂತುಬಿಟ್ಟೆ. ಚಾದರ ಕಂಕುಳಲ್ಲೇ ಇತ್ತು. ನೆನಪಾಗಲಿಲ್ಲವೇ? ಆಯಿತು. ಇನ್ನೊಂದು ಚೂರು ನೋಡೋಣ ಅಂದುಕೊಂಡೆ — ಅಷ್ಟರಲ್ಲಿ ಬಸ್ಸಿಗೆ ಕರೆದರು.

ನಿಮ್ಮ ಯಜಮಾನರು ಏಳಲಿಲ್ಲ. ಅವರನ್ನು ಮಣ್ಣು ಮಾಡಿದ ದಿನ ನನ್ನ ಕೈ ಹಿಡಿದು, "ಚಾದರ ಮುಟ್ತಲ್ಲ ಗೌರಿ, ಅಷ್ಟು ಸಾಕು ಬುಡು. ಮಿಕ್ಕಿದ್ದು ಅಲ್ಲಾನ ಇಷ್ಟ," ಅಂದಿರಿ. ಆಗಲೂ ನಾನು ಬಾಯಿ ಬಿಡಲಿಲ್ಲ. ಆಮೇಲೆ, ದರ್ಗಾ ಹೇಗಿತ್ತು ಹೇಳು ಎಂದು ನೀವು ಕೇಳಿದಾಗಲೆಲ್ಲ ಆ ಬಾದಶಹನ ಗುಮ್ಮಟವನ್ನೇ ವರ್ಣಿಸಿದೆ — ಎಂಥ ಹುಮ್ಮಸ್ಸಿನಿಂದ! ನೀವು ಕಣ್ಣು ಮುಚ್ಚಿ ಕೇಳುತ್ತಿದ್ದಿರಿ. ಇವತ್ತಿಗೂ ಆ ಸಂಜೆ ನೆನೆದರೆ ಮೈ ಜುಮ್ಮೆನ್ನುತ್ತದೆ. ನೋಡಬಾರದಿತ್ತು ಎನ್ನಲು ಮನಸ್ಸು ಒಪ್ಪುವುದಿಲ್ಲ, ಅದೇ ನನಗೆ ದೊಡ್ಡ ನಾಚಿಕೆ.

ಬರುವ ವಾರ ಮಗನ ಜೊತೆ ನೀವೇ ದಿಲ್ಲಿಗೆ ಹೊರಟಿದ್ದೀರಿ. ದರ್ಗಾ ಇರುವುದು ಇಕ್ಕಟ್ಟು ಗಲ್ಲಿಯೊಳಗಂತೆ, ಹೋಗಿಬಂದವರು ಹೇಳಿದರು. ನಾನು ಹೇಳಿದ ಗುಮ್ಮಟವನ್ನು ಅಲ್ಲಿ ಹುಡುಕಬೇಡಿ. ಚಾದರ ನನ್ನ ಬೀರುವಿನಲ್ಲಿದೆ. ನಾಳೆ ಬೆಳಿಗ್ಗೆ ತಂದುಕೊಟ್ಟು, ಇದನ್ನೆಲ್ಲ ಎದುರಿಗೇ ಹೇಳುತ್ತೇನೆ. ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಿ. ಒಂದು ಮಾತು ಮಾತ್ರ ಮುಚ್ಚಿಡಲಾರೆ — ನೀವು ದಿಲ್ಲಿಗೆ ಹೊರಡದೇ ಹೋಗಿದ್ದರೆ ಇದನ್ನು ನಾನು ಯಾವತ್ತೂ ಹೇಳುತ್ತಿರಲಿಲ್ಲ.