ಕೋಡಿ ಬಿದ್ದ ನಾಯಿ

ನಮ್ಮ ಮನೆಯಲ್ಲಿ ಒಂದು ನಾಯಿ ಇದೆ. ಅದಕ್ಕೆ ತಾನೇ ಉಚ್ಚೆ ಹೊಯ್ಯಲು ಬರುವುದಿಲ್ಲ, ನಾನು ಹೊಯ್ಯಿಸುತ್ತೇನೆ. ಮೂಗು ಮುರಿಯುವವರು ಈಗಲೇ ಎದ್ದು ಹೋಗಬಹುದು. ನಮ್ಮ ಕೆ.ಬಿ. ಬಡಾವಣೆಯಲ್ಲಿ ಅಂಥವರನ್ನು ಬೇಕಾದಷ್ಟು ನೋಡಿದ್ದೇನೆ.

ಕಂದು ಬಣ್ಣದ ಹೆಣ್ಣುನಾಯಿ. ಬೀದಿಯದೇ, ಆದರೆ ಮಲಗುತ್ತಿದ್ದುದು ನಮ್ಮ ಗೇಟಿನ ಒಳಗೆ. ಹೋದ ಮಳೆಗಾಲದಲ್ಲಿ ಗೂಡ್ಸ್ ಆಟೋ ಒಂದು ಸೊಂಟಕ್ಕೆ ಗುದ್ದಿ ಹೋಯಿತು, ಹಿಂಗಾಲು ಎರಡೂ ಸ್ವಾಧೀನ ತಪ್ಪಿದವು. ಮುಂಗಾಲಲ್ಲೇ ತೆವಳಿಕೊಂಡು ನನ್ನ ಹತ್ತಿರ ಬಂತು. ಒಳಗೆ ಎತ್ತಿಕೊಂಡೆ. ಗಂಡ "ಬ್ಯಾಡ" ಅಂದರು. ಅವರು ಬ್ಯಾಡ ಅಂದಿದ್ದನ್ನೆಲ್ಲ ಬಿಟ್ಟಿದ್ದರೆ ಈ ಮನೆಗೆ ಫ್ಯಾನೂ ಬರುತ್ತಿರಲಿಲ್ಲ.

ಹಾಸಿದ ಗೋಣಿಚೀಲ ಸದಾ ಒದ್ದೆ. ಹನಿ ಹನಿ ಸೋರುತ್ತಲೇ ಇತ್ತು. ಸದ್ಯ, ಉಚ್ಚೆಯಾದರೂ ಹೋಗುತ್ತಿದೆಯಲ್ಲ ಅಂತ ನನಗೆ ಸಮಾಧಾನ. ಇನ್ನಷ್ಟು ಹೋಗಲಿ ಅಂತ ಬಾರ್ಲಿ ನೀರು ಕಾಯಿಸಿ ಕುಡಿಸಿದೆ. ಅದು ಅನ್ನ ಬಿಟ್ಟಾಗ ಗಾಬರಿಯಾಗಿ, ಆಟೋ ಮಾಡಿಕೊಂಡು ಹರಿಹರದ ದನದ ಡಾಕ್ಟರ ಹತ್ತಿರ ಓಡಿದೆ.

ಡಾಕ್ಟರು ಅದರ ಹೊಟ್ಟೆ ಒತ್ತಿ ನೋಡಿ, ನನಗೂ ಮುಟ್ಟಿ ನೋಡಲು ಹೇಳಿದರು. ಒಳಗೆ ತೆಂಗಿನಕಾಯಿ ಇಟ್ಟಷ್ಟು ಗಟ್ಟಿ.

"ಮೂತ್ರಚೀಲ ರೀ ಅದು. ಒಡೆಯೋ ಹಂಗೆ ತುಂಬೈತೆ."

"ಅಯ್ಯೋ, ದಿನಾಪೂರ್ತಿ ಸೋರ್ತಾನೇ ಐತಲ್ರಿ!"

"ತುಂಬಿದ್ದಕ್ಕೇ ಸೋರೋದು."

ಕಡರನಾಯಕನಹಳ್ಳಿಯ ಗದ್ದೆ ಬದುವಿನ ಮೇಲೆ ಬೆಳೆದವಳು ನಾನು. ತುಂಬಿ ಕೋಡಿ ಹರಿಯುವ ಕೆರೆಯನ್ನು ನೋಡಿ, ಕೆರೆ ಖಾಲಿಯಾಗುತ್ತಿದೆ ಅಂತ ಯಾರಾದರೂ ಅಂದರೆ ನಗುತ್ತಿದ್ದೆ. ನಾಯಿಯ ವಿಷಯದಲ್ಲಿ ನಾನು ಅಂದಿದ್ದು ಅದನ್ನೇ. ಮೇಲೆ ಬಾರ್ಲಿ ನೀರು ಬೇರೆ!

ಡಾಕ್ಟರು ಬಿಡಿಸಿ ಹೇಳಿದರು. ಮೂತ್ರಚೀಲದ ಗೋಡೆಯಲ್ಲಿ ನರದ ತುದಿಗಳಿರುತ್ತವೆ. ಚೀಲ ಹಿಗ್ಗಿದ್ದು ಅವಕ್ಕೆ ಗೊತ್ತಾಗುತ್ತದೆ. ಬೆನ್ನುಹುರಿಯ ದಾರಿಯಲ್ಲಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮಿದುಳು ಹೊತ್ತು, ಜಾಗ ನೋಡಿ "ಬಿಡು" ಅನ್ನುತ್ತದೆ. ಇದರ ಬೆನ್ನುಹುರಿ ನಡುವೆ ಜಜ್ಜಿಹೋಗಿದೆ. ಸುದ್ದಿ ಮೇಲೆ ಹೋಗುವುದಿಲ್ಲ, ಅಪ್ಪಣೆ ಕೆಳಗೆ ಬರುವುದಿಲ್ಲ.

ಅವತ್ತು ಅವರೇ ಸಣ್ಣ ನಳಿಕೆ ಹಾಕಿ ಖಾಲಿ ಮಾಡಿದರು. ಹೊಟ್ಟೆಯನ್ನು ಎರಡೂ ಕಡೆಯಿಂದ ಒತ್ತಿ ಉಚ್ಚೆ ತೆಗೆಯುವುದನ್ನು ಕಲಿಸಿದರು. "ದಿನಾ ಮೂರು ಹೊತ್ತು ಮಾಡ್ಬೇಕ್ರಿ, ಇಲ್ಲಾಂದ್ರೆ ಕಿಡ್ನಿ ಹೋಗ್ತಾವೆ. ಆಗಲ್ಲ ಅಂದ್ರೆ ನಾಳೆ ಕರ್ಕಂಡು ಬರ್ರಿ. ನೋವಿಲ್ದಂಗೆ ಕಳಿಸ್ಕೊಡಾಣ."

ಮನೆಗೆ ಬಂದರೆ ಗಂಡನದು ಒಂದೇ ಮಾತು: "ನಾಳೆ ಸೂಜಿ ಹಾಕಿಸ್ಬಿಡು." ಅತ್ತೆಯೂ ಮಗನ ಕಡೆಗೇ ವಾಲಿದರು. "ಪುಣ್ಯ ಬರ್ತೈತೆ ಕಣವ್ವ, ಪಾಪ, ಮೂಕಪ್ರಾಣಿ."

ನನಗೆ ಮೈ ಉರಿದುಹೋಯಿತು. "ಯಾರಿಗೆ ಪುಣ್ಯ ಅತ್ತಿ? ಸಾಯೋದು ಅದು, ಪುಣ್ಯ ನಮಗಾ?"

ಬಾಯಿಯೇನೋ ಜೋರಾಗಿತ್ತು, ಕೈ ಸೋತಿತು. ಸಂಜೆ ಒತ್ತಿದೆ, ರಾತ್ರಿ ಒತ್ತಿದೆ. ಒತ್ತಿದಷ್ಟೂ ಅದರ ಹೊಟ್ಟೆ ಕಲ್ಲಾಗುತ್ತಿತ್ತು. ನನ್ನ ಮುಖ ನೋಡಿ ನಡುಗುತ್ತಿತ್ತು, ಪಾಪದ್ದು. ಬೆಳಿಗ್ಗೆಯೂ ಅದೇ ಗತಿ. ಗಂಡ ಆಟೋದವನಿಗೆ ಫೋನ್ ಹಚ್ಚಿದರು.

ಆಗ ನೆನಪಾದಳು ನಮ್ಮವ್ವ. ಸೂತಕ ಕಳೆಯುವ ದಿನ ಮನೆಗೆ ಗೋಮೂತ್ರ ಚಿಮುಕಿಸಬೇಕಲ್ಲ, ಹಸು ಹೊಯ್ಯಲಿ ಅಂತ ನಮ್ಮೂರಲ್ಲಿ ಯಾರೂ ಕಾಯುವುದಿಲ್ಲ. ಅವ್ವ ತಂಬಿಗೆ ಹಿಡಿದು ಹಿಂದೆ ಕೂತು, ಬಾಲದ ಕೆಳಗೆ ಅಂಗೈಯಿಂದ ಮೆಲ್ಲಗೆ ಸವರುತ್ತಿದ್ದಳು. ಹಸು ಬಾಲ ಎತ್ತಿ ತಂಬಿಗೆ ತುಂಬಿಸುತ್ತಿತ್ತು.

ನಾಯಿಯನ್ನು ಹಿತ್ತಿಲ ಕಲ್ಲಿನ ಮೇಲೆ ಮಲಗಿಸಿದೆ. ಹಳೇ ಪಂಚೆಯ ತುಂಡನ್ನು ಬಿಸಿನೀರಲ್ಲಿ ಅದ್ದಿ, ಹಿಂಡಿ, ಬಾಲದ ಕೆಳಗೆ ಸವರತೊಡಗಿದೆ. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಥೂ, ಏನು ಹೇಸಿಗೆ ಕೆಲ್ಸಾನೇ ಇದು!"

"ಹಸುವಿಂದು ತೀರ್ಥ, ನಾಯಿದು ಹೇಸಿಗೆಯಾ? ಯಾರು ಮಾಡಿದ ಕಾನೂನು ಅತ್ತಿ ಇದು?"

ಬಾಲದ ಬುಡ ಒಮ್ಮೆ ಅದುರಿತು. ಆಮೇಲೆ ಧಾರೆ! ಹನಿಯಲ್ಲ, ಧಾರೆ. ಕಲ್ಲು ತುಂಬಾ ಹರಿಯಿತು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಹೊರಗೆ ಆಟೋ ಹಾರ್ನ್ ಹೊಡೆಯಿತು. "ವಾಪಸ್ ಕಳಿಸ್ರೀ ಅವನ್ನ!" ಅಂತ ಬೀದಿಗೇ ಕೇಳುವಂತೆ ಕೂಗಿದೆ.

ಡಾಕ್ಟರಿಗೆ ಫೋನ್ ಮಾಡಿದೆ. ಅವರಿಗೂ ಖುಷಿಯಾಯಿತು. ಬಾಲದ ಕೆಳಗಿನ ಚರ್ಮದ ನರಗಳೂ ಮೂತ್ರಚೀಲದ ನರಗಳೂ ಸೇರುವುದು ಬೆನ್ನುಹುರಿಯ ಕೆಳತುದಿಯಲ್ಲೇ ಅಂತೆ. ಆ ಭಾಗ ಇದಕ್ಕೆ ಇನ್ನೂ ಜೀವಂತ ಇದೆ. ಕಣ್ಣು ಬಿಡದ ಮರಿಗೆ ತಾಯಿ ಅಲ್ಲಿ ನೆಕ್ಕಿದರೇನೇ ಉಚ್ಚೆ ಬರುವುದು. ಬೆಳೆದ ಮೇಲೆ ಮಿದುಳು ಯಜಮಾನಿಕೆ ಮಾಡುತ್ತದೆ. ಆ ಯಜಮಾನಿಕೆ ತಪ್ಪಿದಾಗ ಹಳೇ ದಾರಿ ಮತ್ತೆ ತೆರೆಯಬಹುದು. "ಎಲ್ಲಾ ನಾಯಿಗೂ ಆಗಲ್ಲ ರೀ. ಉಳಿದಿದ್ದನ್ನ ಒತ್ತಿ ತೆಗೀರಿ, ಆಗಾಗ ತಂದು ತೋರಿಸ್ರಿ" ಅಂದರು. ಹಾಗೇ ಮಾಡುತ್ತಿದ್ದೇನೆ.

ಮೊನ್ನೆ ಹರಿಹರದ ತಂಗಿಯ ಮನೆಗೆ ಹೋಗಿದ್ದೆ. ಬರುವುದು ತಡವಾಯಿತು, ಮಧ್ಯಾಹ್ನ ಹೊಯ್ಯಿಸುವ ಹೊತ್ತು ತಪ್ಪಿಹೋಗಿತ್ತು. ಹಿತ್ತಿಲಿಗೆ ಓಡಿದೆ. ಅತ್ತೆ ಸೀರೆ ಎತ್ತಿ ಕಟ್ಟಿಕೊಂಡು ಕಲ್ಲಿನ ಮೇಲೆ ಕೂತಿದ್ದರು, ಕೈಯಲ್ಲಿ ಪಂಚೆಯ ತುಂಡು. ಗಂಡ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಅವ್ವಾ, ಅವಳ ಹುಚ್ಚು ನಿಂಗೂ ಹತ್ತಿತಾ? ಇನ್ನೂ ಎಷ್ಟು ದಿನ ಇದರ ಉಚ್ಚಿ ಬಳೀತೀರಿ?"

ಅತ್ತೆ ತಲೆಯೆತ್ತಲಿಲ್ಲ. "ಇಸ್ಕೂಲಿಗೆ ಹೋಗೋವಾಗ್ಲೂ ಹಾಸಿಗ್ಯಾಗ ಹೊಯ್ಕಂತಿದ್ದಿ. ನಿಂಗೆ ಯಾರಾದ್ರೂ ಸೂಜಿ ಹಾಕ್ಸು ಅಂದಿದ್ರೇನೋ? ಸುಮ್ನೆ ಬಿಸಿನೀರು ತಾ."

ಗಂಡ ಬಕೆಟ್ ತಗೊಂಡು ಒಳಗೆ ಹೋದರು.