ಉಲ್ಟಾ ಬನಿಯನ್ನಿನ ಸಾಹೇಬರು

ರಾಜೀವನಗರದ ಟೈಲರ್ ಸಾಹೇಬರು ಮಷೀನ್ ನಿಲ್ಲಿಸಿ, ಜುಬ್ಬಾದ ಕಾಲರ್ ಸರಿಸಿ, ಅಳುತ್ತಿದ್ದ ನನ್ನ ಮಗಳಿಗೆ ಒಳಗಿನ ಬನಿಯನ್ ತೋರಿಸಿದರು. ಅದನ್ನು ಉಲ್ಟಾ ಹಾಕಿಕೊಂಡಿದ್ದರು. ಹೊಲಿಗೆಯೆಲ್ಲ ಹೊರಗಿತ್ತು.

“ನಂಗೂ ಹೊಲಿಗೆ ಚುಚ್ಚುತ್ತೆ ಕಣಮ್ಮ. ಚಿಕ್ಕೋನಾಗಿದ್ದಾಗಿಂದ ಇಂಗೇ ಹಾಕ್ಕೊಳ್ಳೋದು. ನಿಂಗೆ ಎಲ್ಲಿ ಚುಚ್ಚುತ್ತೆ, ತೋರ್ಸು.”

ಮೂರನೇ ಕ್ಲಾಸಿನ ನ್ಯಾನ್ಸಿಯ ಅಳು ನಿಂತಿತು. ಚರ್ಚಿನಲ್ಲಿ ಮೊದಲ ಪರಮಪ್ರಸಾದ ಸ್ವೀಕರಿಸುವ ದಿನಕ್ಕೆಂದು ಹೊಲಿಸಿದ್ದ ಬಿಳಿ ಫ್ರಾಕನ್ನು ಅವಳು ಎರಡು ಸಲ ಬಿಚ್ಚಿ ಎಸೆದಿದ್ದಳು. ಭಾನುವಾರ ಎಲ್ಲ ಮಕ್ಕಳ ಸಾಲಿನಲ್ಲಿ ಇವಳೊಬ್ಬಳು ಹಳೇ ಬಟ್ಟೆಯಲ್ಲಿ ನಿಂತರೆ ಜನ ಏನಂದಾರು ಎಂಬ ಸಿಟ್ಟಿಗೆ ಸಾಹೇಬರ ಎದುರೇ ಒಂದೇಟು ಕೊಟ್ಟಿದ್ದೆ. ಈಗ ಅವಳು ಕಂಕುಳು, ಕುತ್ತಿಗೆ, ಸೊಂಟದ ಲೇಸು ಎಂದು ಒಂದೊಂದೇ ಜಾಗ ಬೆರಳಿಟ್ಟು ತೋರಿಸಿದಳು. ಸಾಹೇಬರು ಅಲ್ಲೆಲ್ಲ ಚಾಕ್‌ಪೀಸಿನ ಗುರುತು ಹಾಕಿ, ಹೊಲಿಗೆ ಬಿಚ್ಚಿ, ಒಳಗೆ ಮೆತ್ತನೆ ಹತ್ತಿಯ ಮಲ್ ಬಟ್ಟೆಯ ಲೈನಿಂಗ್ ಕೊಟ್ಟರು. ಗುಂಡಿ ಹಾಕಿಕೊಳ್ಳಲು ಇವಳಿಗೆ ಬರುವುದಿಲ್ಲ ಎಂದು ನಾನು ಹೇಳಿದಾಗ, ಒತ್ತಿದರೆ ಕೂರುವ ನಾಲ್ಕು ಟಿಚ್ ಬಟನ್ ಹಚ್ಚಿಕೊಟ್ಟರು.

ಭಾನುವಾರ ಚರ್ಚಿನಲ್ಲಿ ಬಲಿಪೂಜೆ ಮುಗಿಯುವವರೆಗೂ ನ್ಯಾನ್ಸಿ ಒಮ್ಮೆಯೂ ಫ್ರಾಕು ಎಳೆದುಕೊಳ್ಳಲಿಲ್ಲ. ಸಾಹೇಬರಿಗೆ ಮನಸ್ಸಿನಲ್ಲೇ ಕೈಮುಗಿದೆ. ಸೋಮವಾರ ಅವಳ ಯೂನಿಫಾರಮ್ಮನ್ನೂ ಅವರ ಅಂಗಡಿಗೇ ಒಯ್ದೆ. ಮೂರು ವರ್ಷ ಪ್ರತಿ ಬೆಳಿಗ್ಗೆ ಅದನ್ನು ಹಾಕುವಾಗ ಅತ್ತವಳನ್ನು ಹಠಮಾರಿ ಎಂದು ಬೈದಿದ್ದೆ. ಎಲ್ಲಿ ಚುಚ್ಚುತ್ತೆ ಎಂದು ಒಂದು ದಿನವೂ ಕೇಳಿರಲಿಲ್ಲ.