ಕಡೆಯ ನುಡಿಗೆ ಮುಂಚೆ ಬಂದ ಶಾಲು

ನಮ್ಮ ಕಡೆ ಸಂಗೀತ ಕಾರ್ಯಕ್ರಮದಲ್ಲಿ ಸಂಗೀತವೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಉದ್ಘಾಟಕರು ಎಷ್ಟು ದೊಡ್ಡವರು ಎಂಬುದರ ಮೇಲೆ ಒಂದು ಭಾಷಣ, ಆಮೇಲೆ ಉದ್ಘಾಟಕರದೇ ಭಾಷಣ. ಬಸವಕಲ್ಯಾಣದಲ್ಲಿ ಗಡಿಯಾರ ರಿಪೇರಿ ಮಾಡಿಕೊಂಡಿರುವ ನನಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಬರೀ ಕೇಳುಗನಾಗಿದ್ದರೆ ಎದ್ದು ಹೋಗಬಹುದಿತ್ತು. ನಾನು ತಬಲಾ ಬಾರಿಸುವವನು. ಮುಡಬಿಯ ಧೂಳಮ್ಮ ಹಾಡುವಾಗ ಪಕ್ಕದಲ್ಲಿ ಕೂರಲೇಬೇಕು.

ಧೂಳಮ್ಮ ಕುರಿ ಕಾಯುವ ಮನೆತನದವಳು. ಹಗಲೆಲ್ಲ ಮಂದೆಯ ಹಿಂದೆ ಕೂಗಿ ಕೂಗಿ ದನಿ ಗಟ್ಟಿಯಾಗಿತ್ತು. ಈ ಬದುವಿನಿಂದ ಕರೆದರೆ ಹಳ್ಳದ ಆಚೆಗಿದ್ದ ಟಗರು ಕತ್ತೆತ್ತುತ್ತಿತ್ತು. ಅದೇ ದನಿಯಲ್ಲಿ ಸೋಮವಾರದ ಭಜನೆಗೆ ತತ್ವಪದ ಎತ್ತಿಕೊಂಡರೆ ಹೊರಗೆ ನಿಂತವರು ಬೀಡಿ ಆರಿಸಿ ಒಳಗೆ ಬರುತ್ತಿದ್ದರು. ಆಕೆಗೆ ಓದು ಬರಹ ಬಾರದು. ಪದಗಳನ್ನೆಲ್ಲ ಕಲಿಸಿದ್ದು ಅತ್ತೆ ಗಂಗುಬಾಯಿ, ರೊಟ್ಟಿ ಬಡಿಯುತ್ತ ಒಂದೊಂದೇ ನುಡಿ ಹೇಳಿಕೊಟ್ಟು.

ಭಜನೆಯವರಲ್ಲಿ ಒಂದು ಕಟ್ಟುನಿಟ್ಟು ಇದೆ. ಪದದ ಕಡೆಯ ನುಡಿಯಲ್ಲಿ ಗುರುವಿನ ಹೆಸರು ಬರುತ್ತದೆ. ಅದು ಬಂದ ಮೇಲೆಯೇ ತಾಳವನ್ನು ಹಣೆಗೆ ಒತ್ತಿಕೊಂಡು ಕೆಳಗಿಡಬೇಕು. ಅಲ್ಲಿಯವರೆಗೆ ಯಾರೂ ಏಳುವಂತಿಲ್ಲ. ಗಂಗುಬಾಯಿಗೆ ಜನ್ಮದಲ್ಲಿ ಒಂದೇ ಸಲ ಹುಮನಾಬಾದಿನಲ್ಲಿ ಮೈಕಿನ ಮುಂದೆ ಕೂರುವ ಯೋಗ ಬಂದಿತ್ತು. ತನ್ನ ಮೆಚ್ಚಿನ ಪದ ಎತ್ತಿಕೊಂಡಳು. ಕಡೆಯ ನುಡಿಗೆ ಬರುವಷ್ಟರಲ್ಲಿ ‘ಬೇಗ ಮುಗಿಸಿರಿ’ ಎಂಬ ಚೀಟಿ ಬಂತು. ಓದಲು ಬಾರದ ಆಕೆ ಹಾಡುತ್ತಲೇ ಇದ್ದಳು. ಮೈಕಿನವನು ಗುಂಡಿ ತಿರುಗಿಸಿಬಿಟ್ಟ. ಸಾಯುವ ಮುಂಚೆ ಸೊಸೆಯ ಕೈ ಹಿಡಿದು ಹೇಳಿದ್ದು ಇಷ್ಟೇ: “ಹುಮನಾಬಾದಿನ್ಯಾಗ ನನ್ನ ಪದ ಅರ್ಧಕ್ಕ ನಿಂತದವಾ. ನೀ ಹೋಗಿ ಅಲ್ಲೇ ಮುಗಸು.”

ಈ ಒಂದು ಮಾತಿಗಾಗಿ ಧೂಳಮ್ಮ ಕರೆದಲ್ಲೆಲ್ಲ ಹೋಗತೊಡಗಿದಳು. ಹೆಸರು ಓಡಾಡಿದರೆ ಹುಮನಾಬಾದಿನವರೂ ಎಂದಾದರೂ ಕರೆದಾರು ಎಂಬ ಆಸೆ. ತೊಂಬತ್ತೆಂಟರಲ್ಲಿ ಬಸವಕಲ್ಯಾಣದ ಒಂದು ಮಂಟಪದಲ್ಲಿ ಎರಡು ನುಡಿ ಆಗುತ್ತಲೇ ಚೀಟಿ ಬಂತು. ಮರುವರ್ಷ ಮಂಠಾಳದಲ್ಲಿ ಆರ್ಕೆಸ್ಟ್ರಾದವರ ಕೀಬೋರ್ಡು ಇಡಲು ಜಾಗ ಬೇಕೆಂದು ನನ್ನ ತಬಲಾವನ್ನೇ ಎತ್ತಿ ಮೆಟ್ಟಿಲ ಮೇಲಿಟ್ಟರು. ಸಿನಿಮಾ ಹಾಡಿಗೆ ಒನ್ಸ್ ಮೋರ್ ಬೇರೆ. ಅದಕ್ಕೆ ಮಾತ್ರ ಟೈಮಿನ ಕೊರತೆಯಿಲ್ಲ. ನಾನು ಸಂಘಟಕರ ಜೊತೆ ಜಗಳಕ್ಕೆ ನಿಂತರೆ ಧೂಳಮ್ಮ ನಡುವೆ ಬರುತ್ತಿದ್ದಳು. “ಬರ್ರಿ ಅಣ್ಣಾ, ಉಳದದ್ದು ಮುಗಸೂನು.” ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ, ಶೇಂಗಾ ಮಾರುವವರ ಗದ್ದಲದಲ್ಲಿ, ಉಳಿದ ನುಡಿಗಳನ್ನು ಹಾಡಿ ತಾಳ ಹಣೆಗೆ ಒತ್ತಿಕೊಳ್ಳುತ್ತಿದ್ದಳು. ನಾನು ಸಿಟ್ಟಿನಲ್ಲಿ ಬೆಂಚನ್ನೇ ಬಾರಿಸುತ್ತಿದ್ದೆ.

ಹಾಗೆಂದು ನೆಟ್ಟಗೆ ಹಾಡಿಸುವವರೇ ಇಲ್ಲವೆಂದಲ್ಲ. ಮಾಣಿಕನಗರದ ಗುರು ಸಂಸ್ಥಾನದ ಸಂಗೀತ ಸಭೆಯಲ್ಲಿ ಕೂತು ಕೇಳಿದ್ದೇವೆ. ಅಲ್ಲಿ ಹಾಡುವವರು ಮುಗಿಸಿದಾಗಲೇ ಹಾಡು ಮುಗಿಯುತ್ತದೆ. ಅಲ್ಲಿಂದ ಹುಮನಾಬಾದ್ ಪೇಟೆಗೆ ಎಷ್ಟು ದೂರ? ಆಟೋ ಹತ್ತಿ ಸರಿಯಾಗಿ ಕೂರುವಷ್ಟರಲ್ಲಿ ಬಂದುಬಿಡುತ್ತದೆ. ಆ ಬುದ್ಧಿ ಮಾತ್ರ ಆಟೋ ಹತ್ತಲಿಲ್ಲ.

ಎರಡು ಸಾವಿರದ ಮೂರರಲ್ಲಿ ಕಡೆಗೂ ಹುಮನಾಬಾದಿನಿಂದ ಕರೆ ಬಂತು. ‘ಸಂಗೀತ ಸಂಜೆ’ ಎಂಬ ಕಾರ್ಯಕ್ರಮ. ಸಂಘಟಕ ಪ್ರೇಮಕುಮಾರ, ಬಟ್ಟೆ ಅಂಗಡಿಯವನು. “ಅಕ್ಕಾ, ಅರ್ಧಾ ತಾಸು ನಿಮ್ದ. ಯಾರೂ ಚೀಟಿ ಕೊಡಂಗಿಲ್ಲ, ನನ್ನ ಮಾತದ” ಎಂದ. ಧೂಳಮ್ಮ ಕುರಿಗಳನ್ನು ಗಂಡ ಪಂಡರಿಗೆ ಒಪ್ಪಿಸಿ, ಅತ್ತೆಯ ಇಳಕಲ್ ಸೀರೆ ಉಟ್ಟು, ಏಕತಾರಿ ಹಿಡಿದು ಬಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆಯ ಪದವನ್ನು ಮನಸ್ಸಿನಲ್ಲೇ ಹಾಡಿಕೊಳ್ಳುತ್ತಿದ್ದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು.

ಮುಖ್ಯ ಅತಿಥಿಗಳು ತಡವಾಗಿ ಬಂದರು. ಬಂದವರಿಗೆ ಹೋಗುವ ಅವಸರ. ಎಲ್ಲೋ ಮದುವೆಯಂತೆ. ನಮ್ಮಲ್ಲಿ ಪದ್ಧತಿ ಎಂದರೆ ಹಾಡು ಮೊದಲು, ಹಾಡಿದವರಿಗೆ ಶಾಲು ಆಮೇಲೆ. ಅವತ್ತು ಅತಿಥಿಗಳ ಕೈಯಿಂದಲೇ ಹೊದಿಸಬೇಕೆಂಬ ಹಟಕ್ಕೆ ಸನ್ಮಾನವನ್ನೇ ಮೊದಲು ಮಾಡಿದರು. ಊರ ದೊಡ್ಡವರಿಗೆ, ಶಾಮಿಯಾನದವನಿಗೆ, ಶಾಮಿಯಾನದವನ ಅಳಿಯನಿಗೆ ಹೊದಿಸಿ, ಧೂಳಮ್ಮನಿಗೂ ಹೊದಿಸಿದರು. ಹಾರ ಹಾಕುವಾಗ ಅದು ಏಕತಾರಿಗೆ ಸಿಕ್ಕಿಕೊಂಡಿತು. ಫೋಟೋ ಹೊಡೆದರು, ಜನ ಚಪ್ಪಾಳೆ ತಟ್ಟಿದರು. ಅತಿಥಿಗಳು ಜೀಪು ಹತ್ತಿದರು; ಅವರ ಹಿಂದೆಯೇ ಅರ್ಧ ಸಭೆ ಎದ್ದಿತು.

ಧೂಳಮ್ಮ ಶಾಲು ಮಡಚಿಟ್ಟು ಶ್ರುತಿ ನೋಡಿಕೊಂಡಳು. ನಾನು ತಬಲಾವನ್ನು ಸುತ್ತಿಗೆಯಿಂದ ತಟ್ಟಿ ಶ್ರುತಿಗೆ ತರುತ್ತಿದ್ದೆ. ಅಷ್ಟರಲ್ಲಿ ನಿರೂಪಕ ವಂದನಾರ್ಪಣೆ ಶುರು ಮಾಡಿದ. ನಾನು ಎದ್ದು ಪ್ರೇಮಕುಮಾರನ ಕಡೆ ಓಡಿದೆ.

“ವಂದನಾರ್ಪಣೆ ಯಾಕ ಮಾಡಾಕತ್ತೀರಿ? ಅಕ್ಕನ ಪದ ಇನ್ನಾ ಆಗಿಲ್ಲ!”

“ಸನ್ಮಾನ ಆತಲ್ರಿ ವೀರಭದ್ರಣ್ಣ?”

“ಸನ್ಮಾನ ಆದ್ರ ಹಾಡಿದಂಗೇನು?”

“ಹಾಡಲಾರದ ಸನ್ಮಾನ ಹ್ಯಾಂಗ ಮಾಡ್ತೀವ್ರಿ?” ಎಂದು ನನ್ನನ್ನೇ ಕೇಳಿದ.

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕೆರಳಿಸಿತು. ಗಡಿಬಿಡಿಯಲ್ಲಿ ಓಡಾಡುತ್ತಿದ್ದವನಿಗೆ ಶಾಲು ಕಂಡದ್ದೇ ಹಾಡೂ ಮುಗಿದಂತೆ ಅನ್ನಿಸಿತ್ತು. ಅವನೊಬ್ಬನಿಗೇ ಅಲ್ಲ. ಮುಂದಿನ ಸಾಲಿನಿಂದ ಒಬ್ಬ ಹಿರಿಯರು ಬಂದು, “ಭಾಳ ಛಂದ ಹಾಡಿದ್ರಿ ತಾಯಿ” ಎಂದು ಧೂಳಮ್ಮನಿಗೆ ಕೈಮುಗಿದು ಹೋದರು. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಮೈಕಿನವನು ಆಗಲೇ ವೈರು ಸುತ್ತುತ್ತಿದ್ದ.

ಬಸ್ ಸ್ಟ್ಯಾಂಡಿನಲ್ಲಿ ಬೆಂಚು ಖಾಲಿಯಿತ್ತು. “ಹಾಡಕ್ಕಾ” ಎಂದೆ. ಆಕೆ ತಲೆ ಅಲ್ಲಾಡಿಸಿದಳು.

“ಏನ ಹಾಡ್ಲಿ ಅಣ್ಣಾ? ಸುರೂನ ಆಗಿಲ್ಲ, ಮುಗಸೂದೇನು?”

ಕೆಲವು ದಿನ ಬಿಟ್ಟು ಪೇಪರು ಹಿಡಿದುಕೊಂಡು ನನ್ನ ಅಂಗಡಿಗೆ ಬಂದಳು. ಫೋಟೋ ಬಂದಿದೆಯೆಂದು ಊರಲ್ಲಿ ಯಾರೋ ಕೊಟ್ಟಿದ್ದರಂತೆ. ಆಮಂತ್ರಣ ಪತ್ರಿಕೆ ನೋಡಿ ಬರೆದ ವರದಿ ಅದು, ಕಣ್ಣಾಡಿಸುತ್ತಲೇ ಗೊತ್ತಾಯಿತು. ಹಲ್ಲು ಕಚ್ಚಿಕೊಂಡು ಓದಿದೆ: ‘ಮುಡಬಿಯ ಧೂಳಮ್ಮ ಅವರ ತತ್ವಪದ ಗಾಯನ ಶ್ರೋತೃಗಳ ಮನ ಸೂರೆಗೊಂಡಿತು.’

“ಅಂದ್ರ ನಾ ಹಾಡೀನಂತೇನ್ರಿ?”

“ಹೌದಂತಕ್ಕಾ.”

ಫೋಟೋದಲ್ಲಿ ತನ್ನ ಹೆಗಲ ಮೇಲಿದ್ದ ಶಾಲನ್ನು ಬೆರಳಿನಿಂದ ಮುಟ್ಟಿ ನೋಡಿದಳು. “ಕಡೀ ನುಡೀನೂ ಹಾಡೀನಂತ ಬರದಾರೇನು? ಬರೋಬ್ಬರಿ ನೋಡ್ರಿ.”

ಗಡಿಯಾರ ನೋಡುವ ಭೂತಗನ್ನಡಿ ಕಣ್ಣಿಗೇ ಇತ್ತು. ಅದರಲ್ಲೇ ಮತ್ತೊಮ್ಮೆ ಮೊದಲಿನಿಂದ ಓದಿದೆ.

“ಇಲ್ಲಕ್ಕಾ. ಅದನ್ನ ಬರದಿಲ್ಲ.”

ಧೂಳಮ್ಮ ಪೇಪರನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿದಳು.

“ನೋಡ್ರಿ, ಪೇಪರಿನ್ಯಾಗನೂ ಮುಗಸಗೊಡಲಿಲ್ಲ” ಎಂದಳು.